ಹೆಪ್ಪುಂಡೆ ಆರಿಸುವ ಕದಿರಮ್ಮ

ನನ್ನ ಅಕ್ಷರ ದುಂಡಗಿಲ್ಲ, ಓದುವವರು ಮೊದಲೇ ಕ್ಷಮಿಸಬೇಕು. ಒತ್ತಕ್ಷರ ಬರೆಯುವಾಗ ಕೈ ಕೆಳಗಿನ ಸಾಲಿಗೆ ಇಳಿದುಬಿಡುತ್ತದೆ. ಬಳಪ ಹಿಡಿದು ಸ್ಲೇಟಿನ ಮೇಲೆ ಬರೆದಷ್ಟು ನಾನು ಕಾಗದದ ಮೇಲೆ ಶಾಯಿಯಲ್ಲಿ ಬರೆದವಳಲ್ಲ. ಅಮ್ಮ ತೀರಿಕೊಂಡ ವರ್ಷ ಶಾಲೆ ಬಿಟ್ಟೆ. ಆಮೇಲೆ ಹೊಸ ಮಾತುಗಳನ್ನೂ ಕಲಿಯಲಿಲ್ಲ. ಎಲ್ಲಾದರೂ ಮಾತು ತಪ್ಪಿದ್ದರೆ ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿಡಿ. ಪತ್ರಿಕೆ ಎಲ್ಲರ ಮನೆ ಸುತ್ತಿ ನಮ್ಮ ಮನೆಗೆ ಬಂದಾಗ ನೋಡಿ ತಿದ್ದಿಕೊಳ್ಳುತ್ತೇನೆ.

ಈ ಕೈಬರಹದ ಪತ್ರಿಕೆಯನ್ನು ಹೊಲಿದು ಕಳುಹಿಸುವ ವೇಮಗಲ್ಲಿನ ಶ್ಯಾಮಲಮ್ಮನವರು, "ನಿಮ್ಮೂರಿನ ಯಾರಾದರೊಬ್ಬರ ವಿಚಾರ ಬರೆದುಕೊಡು, ಹೆಸರುವಾಸಿಗಳೇ ಆಗಬೇಕಿಲ್ಲ" ಎಂದು ನನಗೆ ಹೇಳಿದರು. ಆಗ ತಲೆಯಾಡಿಸಿ ಬಂದೆ. ದಾರಿಯಲ್ಲಿ ಯೋಚಿಸಿದಾಗ ನೆನಪಿಗೆ ಬಂದವಳು ನನ್ನ ದೊಡ್ಡಮ್ಮ ಕದಿರಮ್ಮ ಒಬ್ಬಳೇ. ಆದರೆ ಅವಳ ವಿಚಾರ ಬರೆದರೆ ಹೆಂಡದ ವಿಚಾರ ಬರೆಯದೆ ಆಗುವುದಿಲ್ಲ. ಹೆಣ್ಣುಮಕ್ಕಳ ಪತ್ರಿಕೆಯಲ್ಲಿ ಅದನ್ನು ಬರೆಯಬಹುದೇ ಎಂದು ತಿರುಗಿ ಹೋಗಿ ಕೇಳಿದೆ. "ದೇವರಿಗೆ ಇಡುವುದು ತಾನೇ, ಬರಿ" ಎಂದರು.

ನಾನು ಕಣ್ಣಾರೆ ಕಂಡದ್ದನ್ನು ಕಂಡೆ ಎಂದೇ ಬರೆದಿದ್ದೇನೆ, ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದೆಂದು ಬರೆದಿದ್ದೇನೆ. ಎರಡನ್ನೂ ಬೆರೆಸಬಾರದೆಂದು ಎಚ್ಚರವಾಗಿದ್ದೇನೆ. ಈ ಸಂಗತಿ ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ. ಬೆರೆಸಿದರೆ ಇನ್ನಷ್ಟು ಕಲಸಿಹೋಗುತ್ತದೆ.

ನಮ್ಮ ಊರು ಹೋಳೂರಿಗೆ ಹತ್ತಿರ. ಊರ ಹೊರಗೆ ಬೇವಿನ ಮರದ ಬುಡದಲ್ಲಿ ಮುತ್ಯಾಲಮ್ಮನ ಕಲ್ಲು ಇದೆ. ಮಾವಿನಹಣ್ಣಿನ ಕಾಲದಲ್ಲಿ ನಮ್ಮ ಬೀದಿಯವರೆಲ್ಲ ಸೇರಿ ಆಕೆಗೆ ಒಂದು ಗಡಿಗೆ ಅಕ್ಕಿ ಹೆಂಡ ಇಡುತ್ತಾರೆ. ಅಂಗಡಿಯಲ್ಲಿ ಸಿಗುವುದು ಈಚಲ ಮರದ ಹೆಂಡ. ಇದು ಹಾಗಲ್ಲ, ಅನ್ನದಿಂದ ಮಾಡುವುದು. ಅನ್ನವನ್ನು ಉದುರುದುರಾಗಿ ಬೇಯಿಸಿ, ಮೊರದಲ್ಲಿ ಹರಡಿ ಆರಿಸಿ, ಅದಕ್ಕೆ ಹೆಪ್ಪುಂಡೆಯನ್ನು ಪುಡಿ ಮಾಡಿ ಬೆರೆಸಿ ಗಡಿಗೆಗೆ ತುಂಬುತ್ತಾರೆ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವ ಹಾಗೆ ಅನ್ನಕ್ಕೆ ಈ ಉಂಡೆ. ಅಕ್ಕಿಹಿಟ್ಟು, ಶುಂಠಿ, ಮೆಣಸು, ಹಿಂದಿನ ವರ್ಷದ ಹೆಂಡದ ತಳದಲ್ಲಿ ಉಳಿದ ಗಸಿ, ಇವಿಷ್ಟನ್ನು ಕಲಸಿ ನಿಂಬೆಗಾತ್ರ ಕಟ್ಟಿ, ಹುಲ್ಲಿನ ಮೇಲೆ ನೆರಳಲ್ಲಿ ಒಣಗಿಸಿ ಇಟ್ಟಿರುತ್ತಾರೆ.

ಬೀದಿಯ ಪ್ರತಿ ಮನೆಯವರಿಗೂ ತಮ್ಮದೇ ಉಂಡೆ ಉಂಟು. ಮಗಳನ್ನು ಕೊಟ್ಟ ಮನೆಗೆ ಕಳುಹಿಸುವಾಗ ಸೆರಗಿನಲ್ಲಿ ಒಂದು ಉಂಡೆ ಕಟ್ಟುತ್ತಾರೆ. ಹಾಗಾಗಿ ಒಂದೊಂದು ಮನೆಯ ಉಂಡೆ ಒಂದೊಂದು ಊರಿನಿಂದ ಬಂದದ್ದು, ಒಂದೊಂದರ ವಾಸನೆ ಬೇರೆ. ದೇವರ ಗಡಿಗೆಗೆ ಹಾಕುವುದು ಒಂದೇ ಮನೆಯದು. ಯಾರದು ಎಂದು ಆರಿಸುವ ಕೆಲಸ ನಮ್ಮ ದೊಡ್ಡಮ್ಮನದು. ಅವಳು ಆರಿಸಿದ ಮನೆಯ ಹೆಂಗಸು ಆ ವರ್ಷ ಗಡಿಗೆಯನ್ನು ತಲೆಯ ಮೇಲೆ ಹೊತ್ತು ಬೇವಿನ ಮರದವರೆಗೆ ನಡೆಯುತ್ತಾಳೆ. ಎಲ್ಲರೂ ಆಕೆಯ ಕಾಲಿಗೆ ನೀರು ಹಾಕುತ್ತಾರೆ. ಆರಿಸುವವಳು ಹೊರುವಂತಿಲ್ಲ. ಆರಿಸುವವಳ ಮನೆಯ ಉಂಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲ.

ದೊಡ್ಡಮ್ಮ ಮುಳಬಾಗಿಲು ಕಡೆಯವಳು. ಅಲ್ಲಿ ತೆಲುಗೇ ಹೆಚ್ಚು. ಮದುವೆಯಾಗಿ ಬಂದಾಗ ಅವಳಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲವಂತೆ. ಅವಳ ಅತ್ತೆ ಒಂದು ಸಂಜೆ ಅವಳನ್ನು ಕೂರಿಸಿ, ಕಣ್ಣಿಗೆ ಸೆರಗು ಮುಚ್ಚಿ, ಬೀದಿಯ ಉಂಡೆಗಳನ್ನೆಲ್ಲ ಒಂದೊಂದಾಗಿ ಮೂಗಿನ ಹತ್ತಿರ ಹಿಡಿದರಂತೆ. ದೊಡ್ಡಮ್ಮ ಕನ್ನಡದಲ್ಲಿ ಹೇಳಲಾರದೆ ತೆಲುಗಿನಲ್ಲಿ ಒಂದನ್ನು ಹಣ್ಣು ಎಂದಳಂತೆ, ಒಂದನ್ನು ಒದ್ದೆ ಬಟ್ಟೆ ಎಂದಳಂತೆ, ಇನ್ನೊಂದನ್ನು ಕರು ಹಾಕಿದ ಹಸುವಿನ ಕೊಟ್ಟಿಗೆ ಎಂದಳಂತೆ. ಅತ್ತೆ ಅಂದೇ ಆ ಕೆಲಸವನ್ನು ಅವಳಿಗೆ ಒಪ್ಪಿಸಿದರು. ಇದು ದೊಡ್ಡಪ್ಪ ಮುನಿಯಲ್ಲಪ್ಪನಿಂದ ಕೇಳಿದ್ದು. ಅಲ್ಲಿಂದ ಇಲ್ಲಿಯವರೆಗೆ ಅವಳೇ ಆರಿಸಿದ್ದಾಳೆ. ಅವಳಿಗೆ ಮಕ್ಕಳಾಗಲಿಲ್ಲ, ಅಮ್ಮ ತೀರಿಕೊಂಡ ಮೇಲೆ ನಾನು ಅವಳ ಮನೆಯಲ್ಲೇ ಇದ್ದೇನೆ. ಹೊಲ ಇರುವುದು ಅಂಗೈಯಷ್ಟು. ಬೀದಿಯಲ್ಲಿ ಅವಳನ್ನು ಕರೆದು ಮಣೆ ಹಾಕುವುದು ಈ ಒಂದು ಕೆಲಸಕ್ಕಾಗಿ. ಇದನ್ನು ನಾನೇ ಕಂಡಿದ್ದೇನೆ. ಬೇರೆ ದಿನ ಅವಳು ಬಾಗಿಲ ಹೊರಗೆ ನಿಂತು ಮಾತಾಡಿಸಿ ಬರುವವಳು, ಆ ದಿನಗಳಲ್ಲಿ ಒಳಮನೆಯವರೆಗೆ ಹೋಗುತ್ತಾಳೆ.

ಅವಳು ಆರಿಸುವುದನ್ನು ಬರೆಯುತ್ತೇನೆ. ಯುಗಾದಿ ಕಳೆದ ಮೇಲೆ ಎಲ್ಲ ಮನೆಯವರೂ ಒಂದು ಉಂಡೆಯನ್ನೂ ಒಂದು ಬೊಗಸೆ ಅಕ್ಕಿಯನ್ನೂ ತಂದುಕೊಡುತ್ತಾರೆ. ಅವಳು ಉಂಡೆಯನ್ನು ಮುರಿದು ಒಳಗೆ ನೋಡುತ್ತಾಳೆ. ಒಣಕೊಬ್ಬರಿಯ ಹಾಗೆ ಬೆಳ್ಳಗಿದ್ದರೆ ಒಳ್ಳೆಯದು. ಹಳದಿಯಾಗಿದ್ದರೆ ಮುಖ ಕಿವುಚುತ್ತಾಳೆ. ಕೈಯಲ್ಲಿ ತೂಗುತ್ತಾಳೆ, ಹಗುರಾಗಿರಬೇಕು. ಆಮೇಲೆ ಅವರವರ ಅಕ್ಕಿಯನ್ನೇ ಬೇಯಿಸಿ, ಎಳೆ ಮಗುವಿನ ಮೈಯಷ್ಟು ಬಿಸಿ ಉಳಿಯುವವರೆಗೆ ಆರಿಸಿ, ಅವರವರ ಉಂಡೆ ಬೆರೆಸಿ, ಮನೆಗೊಂದರಂತೆ ಸಣ್ಣ ಕುಡಿಕೆಗಳಲ್ಲಿ ಹಾಕುತ್ತಾಳೆ. ನಡುವೆ ಬೆರಳಿನಿಂದ ಒಂದು ಗುಳಿ ಮಾಡುತ್ತಾಳೆ. ಮೂರನೆಯ ದಿನ ಆ ಗುಳಿಯಲ್ಲಿ ಸಿಹಿ ನೀರು ಒಸರಿರುತ್ತದೆ. ಅದನ್ನು ನಾಲಗೆಯ ಮೇಲೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಯಾರದು ಎಂದು ಹೇಳುತ್ತಾಳೆ. ಹೆಚ್ಚು ವರ್ಷ ಎದುರುಮನೆ ದೊಡ್ಡಗಂಗಮ್ಮನದೇ ಆಗಿದೆ. ಆ ಮೇಲೆ ಆ ಉಂಡೆಯಿಂದ ದೊಡ್ಡ ಗಡಿಗೆಗೆ ಹಾಕುವುದು. ಅದು ಹಣ್ಣಾಗಿ ಸೋಸುವ ಹೊತ್ತಿಗೆ ಶ್ರೀನಿವಾಸಪುರದ ಮಾವಿನಹಣ್ಣಿನ ಬುಟ್ಟಿಯನ್ನು ಬಿಚ್ಚಿಟ್ಟ ಹಾಗೆ ಬೀದಿಗೆಲ್ಲ ಘಮ. ನಾನು ಚಿಕ್ಕವಳಾಗಿದ್ದಾಗಿನಿಂದ ಆ ವಾಸನೆಯನ್ನು ಕಂಡಿದ್ದೇನೆ.

ಹಾಗೆ ಆಗುತ್ತಿದ್ದದ್ದು ಎರಡು ವರ್ಷದಿಂದ ಆಗಲಿಲ್ಲ. ಎಲ್ಲೋ ದೂರದೇಶದಲ್ಲಿ ಯುದ್ಧ ಹತ್ತಿತೆಂದು ಶಾಲೆಯ ಮೇಷ್ಟ್ರು ಹೇಳಿದರಲ್ಲ, ಅದರ ಮುಂದಿನ ಬೇಸಗೆಯಿಂದ ಶುರುವಾಯಿತು. ಕುಡಿಕೆಯಲ್ಲಿ ಸಿಹಿಯಾಗಿದ್ದದ್ದು ಗಡಿಗೆಯಲ್ಲಿ ಹುಳಿಯಾಯಿತು. ಮೊದಲ ವರ್ಷ ಸೆಖೆ ಹೆಚ್ಚು ಎಂದರು. ಎರಡನೆಯ ವರ್ಷ ತೀರ್ಥದ ಹಾಗೆ ತೊಟ್ಟು ಬಾಯಿಗೆ ಹಾಕಿಕೊಂಡು ಸೆರಗಿನಲ್ಲಿ ಒರೆಸಿಕೊಂಡರು.

ಈ ವರ್ಷ ಯುಗಾದಿಯ ಮಾರನೆಯ ದಿನ ಪಟೇಲರು ಚನ್ನರಾಯಪ್ಪನವರು ನಮ್ಮ ಮನೆಯ ಜಗಲಿಗೆ ಬಂದು ಕೂತರು. ಅವರು ಒಳ್ಳೆಯವರು, ಆದರೆ ಸುತ್ತಿ ಬಳಸಿ ಮಾತಾಡುವವರಲ್ಲ.

"ನೋಡಕ್ಕಾ, ಸಿಟ್ಟು ಮಾಡ್ಕೋಬೇಡ. ಹೋದ್ ಸಲ ನಾನು ಬಾಯಿಗೆ ಹಾಕ್ಕೊಂಡ್ರೆ ಹಲ್ಲು ಜುಮ್ಮಂತು. ಅಮ್ಮನೋರ ಮುಂದೆ ಉಗುಳೋ ಹಂಗಿಲ್ಲ, ನುಂಗೋ ಹಂಗಿಲ್ಲ."

"ನನ್ಗೂ ಹಂಗೇ ಆಯ್ತು," ಎಂದಳು ದೊಡ್ಡಮ್ಮ.

"ಹೆಂಡದಂಗಡಿಯೋನು ಎರಡು ಗಡಿಗೆ ಪುಕ್ಕಟೆ ಕೊಡ್ತೀನಿ ಅಂದವ್ನೆ. ಈ ಸಲನೂ ನಿನ್ದು ಕೆಟ್ರೆ ಮುಂದಕ್ಕೆ ಅವ್ನದೇ ಖಾಯಂ. ನಿನ್ಗೂ ವಯಸ್ಸಾಯ್ತು, ಸುಮ್ನೆ ಕೂತ್ಕೊಂಡು ಪೂಜೆ ನೋಡುವಂತೆ."

"ಕೂತ್ಕೊಂಡು ನೋಡೋಕೆ ನಾನೇನು ಬೀಗಿತ್ತೀನಾ ಚನ್ನರಾಯಪ್ಪಾ?"

ಪಟೇಲರು ನಕ್ಕರು. ದೊಡ್ಡಮ್ಮ ನಗಲಿಲ್ಲ. ಅವರು ಹೋದ ಮೇಲೆ ಬಹಳ ಹೊತ್ತು ಮೊರ ಹಿಡಿದುಕೊಂಡು ಕೂತಿದ್ದಳು, ಅದರಲ್ಲಿ ಏನೂ ಇರಲಿಲ್ಲ. ನಾನು ಮೆಲ್ಲಗೆ, "ದೊಡ್ಡಮ್ಮಾ, ನಿನ್ನ ಮೂಗು ಸರಿಯಾಗಿದೆ ತಾನೇ?" ಎಂದು ಕೇಳಿದೆ. ಅವಳು ಒಲೆಯ ಮೇಲಿನ ಸಾರಿನ ಕಡೆ ತಲೆ ತಿರುಗಿಸಿ, "ಇಂಗು ಜಾಸ್ತಿ ಹಾಕ್ದೆ ನೀನು" ಎಂದಳು. ಅದು ನಿಜ.

"ಹಂಗಾದ್ರೆ ಏನಾಗಿರಬೋದು?"

"ಏಮೋನಮ್ಮಾ" ಎಂದಳು. ಅವಳಿಗೆ ಏನೂ ತಿಳಿಯದಾಗ ಬರುವ ಮಾತು ಅದೊಂದೇ. ಯಾರಿಗೆ ಗೊತ್ತಮ್ಮಾ ಎಂದು ಅರ್ಥ. ಅವಳ ಬಾಯಲ್ಲಿ ಅದನ್ನು ನಾನು ಮೊದಲು ಹೆಚ್ಚಾಗಿ ಕೇಳಿರಲಿಲ್ಲ.

ಆ ರಾತ್ರಿ ಊಟ ಮಾಡುವಾಗ ಅವಳು ಒಂದು ತೀರ್ಮಾನ ಹೇಳಿದಳು. ಈ ಸಲ ಮೂರನೆಯ ದಿನಕ್ಕೆ ಆರಿಸುವುದಿಲ್ಲ. ಕುಡಿಕೆಗಳನ್ನೇ ಗಡಿಗೆಯ ಹಾಗೆ ನೀರು ಹಾಕಿ, ಕೊನೆಯವರೆಗೆ ಹಣ್ಣಾಗಲು ಬಿಟ್ಟು, ಸೋಸಿ, ಆಮೇಲೆ ಆರಿಸುವುದು. ಮೊದಲು ಸಿಹಿಯಾಗಿದ್ದು ಆಮೇಲೆ ಯಾವುದು ಕೆಡುತ್ತದೆ, ಯಾವುದು ನಿಲ್ಲುತ್ತದೆ ಎಂದು ಕಣ್ಣಿಗೆ ಕಾಣಲಿ. "ಇಷ್ಟು ವರ್ಷ ಮದುವೆ ದಿನದ ಮುಖ ನೋಡಿ ಸೊಸೆನ ಆರಿಸ್ದಂಗೆ ಆಯ್ತು" ಎಂದಳು. ದೊಡ್ಡಪ್ಪ ಮುದ್ದೆ ಮುರಿಯುತ್ತಾ, "ನನ್ನೂ ಹಂಗೇ ಆರಿಸಿದ್ದು" ಎಂದ. ಅವನ ಮಾತು ಇಷ್ಟೇ ಇರುತ್ತದೆ.

ಬೀದಿಯ ಎಲ್ಲ ಮನೆಯವರೂ ಉಂಡೆ ತಂದರು. ದೊಡ್ಡಗಂಗಮ್ಮ ತನ್ನದನ್ನು ತಟ್ಟೆಯಲ್ಲಿ ಹೂವು ಇಟ್ಟು ತಂದಳು. ಕೊನೆಗೆ ಬೀದಿಯ ತುದಿಯ ಮನೆಯ ಚಿಕ್ಕವೆಂಕಟಮ್ಮ ಬಂದಳು. ಅವಳು ಮಾಲೂರು ಕಡೆಯವಳು, ಗಂಡನ ಜೊತೆ ನಮ್ಮ ಊರಿಗೆ ಬಂದು ಒಂದು ಮಳೆಗಾಲವಾಗಿತ್ತು. ಅವರ ಮನೆಯಲ್ಲಿ ಉಂಡೆ ಕಟ್ಟುವ ರೂಢಿ ಇರಲಿಲ್ಲ. ಸೆರಗಿನಲ್ಲಿ ಬರಿಯ ಅಕ್ಕಿ ತಂದಿದ್ದಳು.

"ಉಂಡೆ ಇಲ್ದೆ ಬರೀ ಅಕ್ಕಿ ತಂದವ್ಳೆ ನೋಡಿ, ಹಾಲು ಇಲ್ದೆ ಗಿಣ್ಣು ಕಾಸೋಕೆ!" ಎಂದಳು ದೊಡ್ಡಗಂಗಮ್ಮ.

ಚಿಕ್ಕವೆಂಕಟಮ್ಮ ಸೆರಗನ್ನು ಮುದುಡಿಕೊಂಡು ಹಿಂದಕ್ಕೆ ತಿರುಗಿದಳು. ದೊಡ್ಡಮ್ಮ, "ಇಲ್ಲಿ ಹಾಕೇ ತಾಯಿ, ಬೀದೀಲಿದ್ದೀಯ ಅಂದ್ಮೇಲೆ ನಿನ್ದೂ ಒಂದು ಇರ್ಲಿ" ಎಂದು ಮೊರ ಒಡ್ಡಿದಳು. ಉಂಡೆಯಿಲ್ಲದ ಅನ್ನ ಕೊಳೆಯುತ್ತದೆಂದು ಅವಳಿಗೂ ಗೊತ್ತು. ಆದರೆ ಅಕ್ಕಿ ತಂದವರನ್ನು ವಾಪಸ್ಸು ಕಳುಹಿಸುವ ಪದ್ಧತಿಯಿಲ್ಲ.

ಆದರೆ ಕುಡಿಕೆ ಸಾಲಲಿಲ್ಲ. ಅವಳದೊಂದೇ ಉಳಿಯಿತು. ದೊಡ್ಡಮ್ಮ ನನ್ನನ್ನು ಅಟ್ಟಕ್ಕೆ ಹತ್ತಿಸಿ ಹಳೆ ಗಡಿಗೆಯನ್ನು ಇಳಿಸಿಕೊಂಡಳು. ಆ ಗಡಿಗೆಯ ಬಗ್ಗೆ ಇಲ್ಲಿ ಹೇಳಬೇಕು. ಅದು ದೊಡ್ಡಮ್ಮನ ಅತ್ತೆಯ ಕಾಲದ್ದು, ಮೊದಲೆಲ್ಲ ದೇವರ ಹೆಂಡಕ್ಕೆ ಅದೇ ಆಗಿತ್ತು. ಕತ್ತಿನ ಹತ್ತಿರ ಒಂದು ಚಕ್ಕೆ ಹಾರಿತ್ತು. ಹೆಂಡ ಚೆನ್ನಾಗಿ ಬಂದ ಕೊನೆಯ ವರ್ಷ ದೊಡ್ಡಗಂಗಮ್ಮ ಎಲ್ಲರ ಮುಂದೆ, "ಅಮ್ಮನೋರ್ಗೆ ಮೂಗು ಮುರ್ದಿರೋ ಗಡಿಗೇಲಿ ಕೊಡ್ತೀಯಲ್ಲ ಕದಿರಕ್ಕಾ, ಬೀಗ್ರು ಬಂದ್ರೂ ಚಿಪ್ಪಲ್ಲೇ ಬಡಿಸ್ತೀಯಾ?" ಎಂದು ಆಡಿಕೊಂಡಿದ್ದಳು. ದೊಡ್ಡಮ್ಮನಿಗೆ ನಾಚಿಕೆಯಾಗಿ ಕೋಲಾರಕ್ಕೆ ಹೋಗಿ ಕೆಂಪಗಿನ ಹೊಸ ಗಡಿಗೆ ತಂದಳು. ಹಳೆಯದರಲ್ಲಿ ದೊಡ್ಡಪ್ಪ ಬೀಜದ ಹುರುಳಿ ತುಂಬಿಟ್ಟುಕೊಂಡ.

"ನನ್ನ ಹುರುಳಿ ಏನ್ ತಪ್ಪು ಮಾಡ್ತು?" ಎಂದ ದೊಡ್ಡಪ್ಪ.

"ಚೀಲದಾಗೆ ಮಲಗ್ಲಿ."

"ಚೀಲಕ್ಕೆ ಇಲಿ ಬರ್ತಾವೆ."

"ಇಲಿಗೂ ಹಬ್ಬ ಆಗ್ಲಿ ಬಿಡು."

ಹುರುಳಿಯನ್ನು ಸುರಿದು, ಗಡಿಗೆಯನ್ನು ಬೂದಿಯಿಂದ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಒಣಗಿಸಿದವಳು ನಾನೇ. ಚಿಕ್ಕವೆಂಕಟಮ್ಮನ ಅನ್ನವನ್ನು ಅದಕ್ಕೆ ಹಾಕಿದೆವು. ಅದು ಗಡಿಗೆಯ ತಳದಲ್ಲಿ ಒಂದು ಹಿಡಿಯ ಹಾಗೆ ಕಂಡಿತು. ಎಲ್ಲವನ್ನೂ ಹುಲ್ಲಿನ ಮೇಲೆ ಸಾಲಾಗಿ ಇಟ್ಟು ಬಟ್ಟೆ ಕಟ್ಟಿದೆವು.

ಮೂರನೆಯ ದಿನ ಎಲ್ಲ ಕುಡಿಕೆಯಲ್ಲೂ ಸಿಹಿ ನೀರು ಒಸರಿತ್ತು. ದೊಡ್ಡಗಂಗಮ್ಮನದು ಎಲ್ಲಕ್ಕಿಂತ ಸಿಹಿ. ಹಳೆ ಗಡಿಗೆಯಲ್ಲಿ ಏನೂ ಇಲ್ಲ, ಅನ್ನ ಹಾಗೇ ಇತ್ತು. ನನಗೆ ಚಿಕ್ಕವೆಂಕಟಮ್ಮನ ಮುಖ ನೆನಪಾಗಿ ಬೇಜಾರಾಯಿತು. ಆಮೇಲೆ ಎರಡು ದಿನ ತಡವಾಗಿ ಅದರಲ್ಲೂ ಗುಳಿ ತುಂಬಿತು. ಎಲ್ಲಕ್ಕೂ ಕಾಯಿಸಿ ಆರಿಸಿದ ನೀರು ಹಾಕಿದೆವು. ಹಗಲು ಮನೆಯಲ್ಲಿ ಯಾರೂ ಇಲ್ಲದಾಗ ನಾನು ಕಿವಿಯಿಟ್ಟು ಕೇಳುತ್ತಿದ್ದೆ. ಒಳಗೆ ಸಣ್ಣ ಸಣ್ಣ ಗುಳ್ಳೆ ಒಡೆಯುವ ಸದ್ದು ಬರುತ್ತಿತ್ತು, ಯಾರೋ ತುಟಿ ತೆರೆದು ಮುಚ್ಚಿದ ಹಾಗೆ. ಹಳೆ ಗಡಿಗೆಯಲ್ಲಿ ಆ ಸದ್ದು ಹೆಚ್ಚು. ನಾನು ಅದನ್ನು ದೊಡ್ಡಮ್ಮನಿಗೆ ಹೇಳಿದೆ. "ಕೊಳೀತಾ ಐತೆ" ಎಂದಳು.

ಸೋಸುವ ದಿನ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದರು. ದೊಡ್ಡಗಂಗಮ್ಮನ ಕುಡಿಕೆಯ ಬಟ್ಟೆ ಬಿಚ್ಚಿದಾಗ ದೊಡ್ಡಮ್ಮ ಒಂದು ತೊಟ್ಟು ನಾಲಗೆಗೆ ಹಾಕಿಕೊಂಡು ಕುಡಿಕೆಯನ್ನು ಪಕ್ಕಕ್ಕಿಟ್ಟಳು. ಹುಳಿ. ಎರಡನೆಯದು ಹುಳಿ, ಮೇಲೆ ಒದ್ದೆ ಬಟ್ಟೆ. ಮೂರನೆಯದಕ್ಕೆ ಅವಳು ಬಾಯಿ ಮುಕ್ಕಳಿಸಿದಳು. ಯಾವುದರಲ್ಲೂ ಹಳೆಯ ಘಮವಿಲ್ಲ. ಇನ್ನು ಅಂಗಡಿಯ ಹೆಂಡವೇ ಎಂದು ಒಬ್ಬಿಬ್ಬರು ಪಿಸುಗುಟ್ಟಿದರು.

ಕೊನೆಗೆ, ಚೆಲ್ಲುವುದಕ್ಕೆಂದು, ನಾನು ಹಳೆ ಗಡಿಗೆಯ ಬಟ್ಟೆ ಬಿಚ್ಚಿದೆ.

ಆ ವಾಸನೆಯನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಮಾವಿನಹಣ್ಣಿನ ಬುಟ್ಟಿ ಎಂದು ಮೇಲೆ ಬರೆದಿದ್ದೇನೆ, ಅದೇ. ಹೆಂಗಸರೆಲ್ಲ ಗಡಿಗೆಯ ಕಡೆ ತಿರುಗಿದರು. ದೊಡ್ಡಮ್ಮ ಎದ್ದು ಬಂದು ಗಡಿಗೆಯೊಳಗೆ ಮುಖವಿಟ್ಟಳು, ಎತ್ತಲಿಲ್ಲ. ಆಮೇಲೆ ಎತ್ತಿ, "ಇದಕ್ಕೆ ಯಾರೇ ಉಂಡೆ ಹಾಕ್ದೋರು?" ಎಂದು ನನ್ನನ್ನು ಕೇಳಿದಳು.

"ಯಾರೂ ಇಲ್ಲ ದೊಡ್ಡಮ್ಮಾ. ನೀನೇ ಪಕ್ಕದಲ್ಲಿದ್ದೆ."

ದೊಡ್ಡಗಂಗಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡಳು. "ಅಕ್ಕೀಲೇ ಏನೋ ಬೆರೆಸ್ಕೊಂಡು ಬಂದವ್ಳೆ ಮಾಲೂರೋಳು. ಒಳಗೊಂದು ಹೊರಗೊಂದು."

"ದೇವ್ರಾಣೆ ಏನೂ ಹಾಕಿಲ್ಲ ಕಣಕ್ಕಾ," ಎಂದಳು ಚಿಕ್ಕವೆಂಕಟಮ್ಮ. ಅವಳಿಗೆ ಅಳು ಬಂದಿತ್ತು. "ನನ್ಗೆ ಹಾಕೋಕೂ ಬರಲ್ಲ."

ಒಬ್ಬಳು ಇದು ಅಮ್ಮನವರ ಮಹಿಮೆ ಎಂದಳು. ಇನ್ನೊಬ್ಬಳು ಮಾಲೂರು ಕಡೆಯ ಅಕ್ಕಿಯೇ ಬೇರೆ ಎಂದಳು. ಅಕ್ಕಿ ನಮ್ಮ ಊರಿನ ಅಂಗಡಿಯದೇ ಎಂದು ಚಿಕ್ಕವೆಂಕಟಮ್ಮ ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ. ನನಗೆ ಒಬ್ಬೊಬ್ಬರ ಮಾತೂ ನಿಜವೆನ್ನಿಸುತ್ತಿತ್ತು, ಮುಂದಿನವರು ಮಾತಾಡುವವರೆಗೆ.

ದೊಡ್ಡಮ್ಮ ಮಾತ್ರ ಗಡಿಗೆಯನ್ನೇ ನೋಡುತ್ತಿದ್ದಳು. ಆಮೇಲೆ ದೊಡ್ಡಗಂಗಮ್ಮನಿಗೆ ಹೇಳಿದಳು: "ನಿನ್ ಮನೆ ಅಕ್ಕಿ ತಾ. ನೀನೇ ಬೇಯಿಸು, ನೀನೇ ಈ ಗಡಿಗೇಗೆ ಹಾಕು. ಉಂಡೆ ಬೇಡ. ನಾನು ಮುಟ್ಟೋದೇ ಇಲ್ಲ. ಈ ಮಾಲೂರು ಮಗೀನ ಅಕ್ಕೀನ ನನ್ನ ಕೆಂಪು ಗಡಿಗೇಗೆ ಹಾಕ್ತೀನಿ. ಅದಕ್ಕೂ ಉಂಡೆ ಬೇಡ."

"ಪೂಜೆಗೆ ದಿನ ಎಲ್ಲೈತೆ ಕದಿರಕ್ಕಾ?"

"ಇರೋಷ್ಟು ಐತೆ."

ಇರುವಷ್ಟು ಎಂದರೆ ಸರಿಯಾಗಿ ಒಂದು ಸಲಕ್ಕೆ ಆಗುವಷ್ಟು. ಇದು ಕೆಟ್ಟರೆ ಮತ್ತೆ ಹಾಕಲು ಸಮಯವಿಲ್ಲವೆಂದು ನನಗೂ ಗೊತ್ತಿತ್ತು. ಚೆನ್ನಾಗಿ ಬಂದಿದ್ದ ಆ ಹಿಡಿಯಷ್ಟು ಹೆಂಡವನ್ನು ದೊಡ್ಡಮ್ಮ ಎಲ್ಲರಿಗೂ ತೊಟ್ಟು ತೊಟ್ಟು ಹಂಚಿ ಖಾಲಿ ಮಾಡಿದಳು. ಗಡಿಗೆಯನ್ನು ಮತ್ತೆ ಬೂದಿಯಿಂದ ಉಜ್ಜಿಸಿದಳು. ಏನಿತ್ತೋ ಅದನ್ನು ತೊಳೆದುಬಿಡುತ್ತಿದ್ದೇವೋ ಏನೋ ಎಂದು ಮೆಲ್ಲಗೆ ಉಜ್ಜಿದೆ.

ಈ ಸಲ ದೊಡ್ಡಗಂಗಮ್ಮ ಗಡಿಗೆಯ ಮುಕ್ಕಾಲು ಭಾಗ ಬರುವಷ್ಟು ಅನ್ನ ಹಾಕಿದಳು. ದಿನಕ್ಕೆ ಹಲವು ಸಲ ಬಂದು ಬಟ್ಟೆಯ ಗಂಟು ತಾನು ಕಟ್ಟಿದ ಹಾಗೇ ಇದೆಯೇ ಎಂದು ನೋಡಿ ಹೋಗುತ್ತಿದ್ದಳು. ದೊಡ್ಡಮ್ಮ ಆ ಮೂಲೆಗೆ ಹೋಗುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ಕೆಂಪು ಗಡಿಗೆಯಿಂದ ಕೆಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಅನ್ನದ ಮೇಲೆ ಹಸಿರು ಬೂಷ್ಟು, ಕರಿ ಕೂದಲಿನ ಹಾಗೆ ಏನೋ. ಅದನ್ನು ತಿಪ್ಪೆಗೆ ಹಾಕಿ ಬಂದೆ. ಅಕ್ಕಿ ಕೊಳ್ಳುವುದೇ ಕಷ್ಟವಾಗಿರುವ ಈ ದಿನಗಳಲ್ಲಿ ಅಷ್ಟು ಅನ್ನವನ್ನು ಚೆಲ್ಲುವಾಗ ದೊಡ್ಡಪ್ಪ ಮುಖ ತಿರುಗಿಸಿಕೊಂಡ. ಚಿಕ್ಕವೆಂಕಟಮ್ಮನ ಅಕ್ಕಿಯಲ್ಲಿ ಏನೂ ಇರಲಿಲ್ಲವೆಂದು ಅಷ್ಟಕ್ಕೆ ತಿಳಿಯಿತು. ಅವಳು ಬಂದು ನೋಡಿ, ತನ್ನ ಅಕ್ಕಿ ಕೊಳೆತದ್ದಕ್ಕೆ ಸಮಾಧಾನಪಟ್ಟುಕೊಂಡು ಹೋದಳು.

ಪೂಜೆಯ ಹಿಂದಿನ ಸಂಜೆ ದೊಡ್ಡಗಂಗಮ್ಮ ತನ್ನ ಗಂಟನ್ನು ತಾನೇ ಬಿಚ್ಚಿದಳು. ಅದೇ ಘಮ. ಅವಳು ಬಗ್ಗಿ ಇನ್ನೊಮ್ಮೆ ಮೂಸಿ ನೋಡಿ, "ನೋಡಿದ್ರಾ, ನನ್ನ ಕೈಗುಣ!" ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು.

ದೊಡ್ಡಮ್ಮನಿಗೆ ಬರಲಿಲ್ಲ. ಎಲ್ಲರೂ ಹೋದ ಮೇಲೆ ಅವಳು ಮುರಿದ ಉಂಡೆಗಳ ಚೂರುಗಳನ್ನು ಮೊರದಲ್ಲಿ ಹಾಕಿಕೊಂಡು ಒಂದೊಂದನ್ನೇ ಮೂಸಿ ನೋಡಿದಳು.

"ಗಡಿಗೇನೇ ಮಾಡ್ತಿತ್ತಾ ಎಲ್ಲಾನೂ? ಹಂಗಾದ್ರೆ ನಾನು ಇಷ್ಟು ವರ್ಷ ಕೂತ್ಕೊಂಡು ಆರಿಸಿದ್ದು ಏನ? ನಮ್ಮತ್ತೆ ಕಣ್ಣು ಮುಚ್ಚಿ ಕಲಿಸಿದ್ದು ಏನ?"

ಗಡಿಗೆಯ ಒಳಮೈಯನ್ನು ಉಜ್ಜುವಾಗ ಅದು ಕೈಗೆ ಒರಟಾಗಿತ್ತು, ಸಣ್ಣ ಸಣ್ಣ ತೂತುಗಳು ಸಿಗುತ್ತಿದ್ದವು. ಎಷ್ಟು ಉಜ್ಜಿದರೂ ಬೂದಿ ಅಲ್ಲೇ ಸೇರಿಕೊಳ್ಳುತ್ತಿತ್ತು. ಅದು ನೆನಪಾಗಿ, ಗೋಡೆಯ ಕಡೆ ನೋಡಿಕೊಂಡು ಹೇಳಿದೆ:

"ನೀನು ಪ್ರತಿ ವರ್ಷ ಒಳ್ಳೇದನ್ನ ಆರಿಸಿ ಆರಿಸಿ ಅದಕ್ಕೇ ಹಾಕ್ತಿದ್ದೆಯಲ್ಲ ದೊಡ್ಡಮ್ಮಾ. ಕೆಟ್ಟದ್ದನ್ನ ಒಂದ್ಸಲನೂ ಹಾಕ್ಲಿಲ್ಲ. ಗಡಿಗೆ ಅದನ್ನೇ ಕುಡ್ಕೊಂಡು ಇಟ್ಕೊಂಡಿರಬೋದು."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಉಜ್ಜಿ ತೊಳೆದ್ರೂ? ಹುರುಳಿ ಹಾಕಿದ್ರೂ?"

"ಹೌದೇನೋ."

"ಮತ್ತೆ ಈ ಉಂಡೆಗಳು ಯಾಕೆ ಕೆಟ್ಟೋ? ಅವೂ ನಾನು ಒಳ್ಳೇದು ಅಂದಿದ್ದೇ ಅಲ್ವಾ?"

ಅದು ನನಗೆ ತಿಳಿಯಲಿಲ್ಲ. ಅವು ಸಿಹಿಯನ್ನು ಮಾತ್ರ ತರುತ್ತಿದ್ದವೋ, ಮುಂದಿನ ಕೆಲಸವನ್ನು ಗಡಿಗೆಯೇ ಮಾಡುತ್ತಿತ್ತೋ, ಅಥವಾ ಹೊಗೆ ಹಿಡಿದು ಉಂಡೆಗಳ ಬಲ ಹೋಗಿತ್ತೋ. ಈಗಲೂ ತಿಳಿದಿಲ್ಲ. ಅವಳೂ "ಏಮೋನಮ್ಮಾ" ಎಂದು ಮೊರವನ್ನು ಪಕ್ಕಕ್ಕಿಟ್ಟಳು. ಚೂರುಗಳನ್ನು ಮಾತ್ರ ಎಸೆಯಲಿಲ್ಲ.

ಬೆಳಿಗ್ಗೆ ಪಟೇಲರು ಬಂದು ಅಂಗೈಗೆ ಒಂದಿಷ್ಟು ಹಾಕಿಸಿಕೊಂಡು ಕುಡಿದರು. ಕುಡಿದು ಅಂಗೈಯನ್ನು ಮೂಸಿಕೊಂಡರು. "ಬಂತಲ್ಲಕ್ಕಾ ನಿನ್ ಹೆಂಡ! ಅಂಗಡಿಯೋನ್ಗೆ ಬೇಡ ಅಂತ ಹೇಳ್ಕಳಿಸ್ತೀನಿ" ಎಂದರು. ಆಮೇಲೆ ಪದ್ಧತಿಯ ಹಾಗೆ ಗಟ್ಟಿಯಾಗಿ ಕೇಳಿದರು: "ಯಾರ ಮನೆ ಉಂಡೆ?"

ದೊಡ್ಡಗಂಗಮ್ಮ ಒಂದು ಹೆಜ್ಜೆ ಮುಂದೆ ಬಂದಳು, ದೊಡ್ಡಮ್ಮನ ಮುಖ ನೋಡಿ ನಿಂತಳು.

"ಯಾರ್ದೂ ಇಲ್ಲ ಚನ್ನರಾಯಪ್ಪಾ," ಎಂದಳು ದೊಡ್ಡಮ್ಮ. "ಉಂಡೆ ಹಾಕೇ ಇಲ್ಲ. ಅಕ್ಕಿ ದೊಡ್ಡಗಂಗಮ್ಮಂದು. ಗಡಿಗೆ ತೋರಿಸ್ಕೊಟ್ಟಿದ್ದು ಈ ಮಾಲೂರು ಮಗು. ಘಮ ಎಲ್ಲಿಂದ ಬಂತೋ ನನ್ಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಅವಳು ಬೀದಿಯವರೆಲ್ಲರ ಮುಂದೆ ಹೇಳಿದ್ದು ಅದೇ ಮೊದಲು. ಪಟೇಲರು ತಲೆ ಕೆರೆದುಕೊಂಡರು. "ಉಂಡೆ ಇಲ್ದೆ ಯಾರು ಹೊರೋದು? ಹಿಂಗೆ ಯಾವತ್ತೂ ಆಗಿಲ್ವಲ್ಲ."

"ಗಡಿಗೆ ಯಾರ್ದೋ ಅವ್ರೇ ಹೊರ್ಲಿ," ಎಂದಳು ದೊಡ್ಡಗಂಗಮ್ಮ. ಯಾಕೆ ಹಾಗೆಂದಳೋ. ಮೂಗು ಮುರಿದ ಗಡಿಗೆ ತನ್ನ ತಲೆಗೆ ಬೇಡವೆಂದೋ, ಬೇರೆ ಏನಾದರೂ ಅನ್ನಿಸಿತೋ. ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ.

ಹಾಗಾಗಿ ಇಷ್ಟು ವರ್ಷಗಳಲ್ಲಿ ಮೊದಲ ಸಲ ಆರಿಸುವವಳೇ ಹೊತ್ತಳು. ಚಿಕ್ಕವೆಂಕಟಮ್ಮ ಸಿಂಬೆ ಸುತ್ತಿ ಅವಳ ತಲೆಯ ಮೇಲಿಟ್ಟಳು, ನಾನೂ ದೊಡ್ಡಗಂಗಮ್ಮನೂ ಗಡಿಗೆ ಎತ್ತಿಕೊಟ್ಟೆವು. ಜನ ಅವಳ ಕಾಲಿಗೆ ನೀರು ಹಾಕುವಾಗ ಅವಳು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದಳು, ಬೇರೆ ಯಾರಿಗೋ ಹಾಕುವ ನೀರು ತಪ್ಪಿ ತನಗೆ ಬೀಳುತ್ತಿದೆ ಎನ್ನುವ ಹಾಗೆ. ಕೆರೆ ಏರಿಯ ಮೇಲೆ ನಡೆಯುವಾಗ ಪಕ್ಕದಲ್ಲಿದ್ದ ನನ್ನನ್ನು ಮೆಲ್ಲಗೆ ಕೇಳಿದಳು: "ಅಮ್ಮನೋರು ಉಂಡೆ ಯಾರ್ದು ಅಂತ ಕೇಳಿದ್ರೆ ಏನೇ ಹೇಳ್ಲಿ?"

"ಆರಿಸಿದ್ದು ನಾನು ಅಂತ ಹೇಳು" ಎಂದೆ. ಗಡಿಗೆಯನ್ನು ಹಿಡಿದ ಅವಳ ಕೈ ಸ್ವಲ್ಪ ಮೇಲಕ್ಕೆ ಸರಿಯಿತು.

ಪೂಜೆ ಮುಗಿದು ಮನೆಗೆ ಬಂದಾಗ ಗಡಿಗೆಯ ಕತ್ತಿನ ಚಕ್ಕೆ ಹಾರಿದ ಕಡೆಯಿಂದ ಒಂದು ಗೆರೆ ಹೊಟ್ಟೆಯವರೆಗೆ ಇಳಿದಿತ್ತು. ನಾನು ಬೆರಳಿನಿಂದ ಮುಟ್ಟಿ ನೋಡಿದೆ, ತೇವ ಬಂತು. ದೊಡ್ಡಮ್ಮನಿಗೂ ತೋರಿಸಿದೆ. ಇನ್ನೊಂದು ವರ್ಷ ಬಂದರೆ ಹೆಚ್ಚು ಎಂದಳು. ಅದು ಒಡೆದರೆ ಅವಳು ಆರಿಸಿದ್ದೆಲ್ಲ ಒಡೆದ ಹಾಗೆಯೋ, ಇಲ್ಲ ಬೇರೆ ಕಡೆಗೆ ದಾಟಿಸಬಹುದೋ ಎಂದು ನಾವಿಬ್ಬರೂ ಎರಡು ದಿನದಿಂದ ಮಾತಾಡುತ್ತಿದ್ದೇವೆ. ನಮಗೆ ತಿಳಿಯುತ್ತಿಲ್ಲ.

ಗಡಿಗೆಯ ತಳದಲ್ಲಿ ಗಸಿ ಇನ್ನೂ ಇದೆ. ಅದರಲ್ಲಿ ಅರ್ಧಕ್ಕೆ ಅಕ್ಕಿಹಿಟ್ಟು ಕಲಸಿ ಉಂಡೆ ಕಟ್ಟಿ ಬೀದಿಯ ಎಲ್ಲ ಮನೆಗೂ, ಚಿಕ್ಕವೆಂಕಟಮ್ಮನ ಮನೆಗೂ, ಕೊಟ್ಟು ಬರುತ್ತೇನೆ. ಉಳಿದರ್ಧವನ್ನು ನಾಳೆ ಬೆಳಿಗ್ಗೆ ಕೆಂಪು ಗಡಿಗೆಯ ಒಳಮೈಗೆ ಬಳಿದು, ಬಟ್ಟೆ ಕಟ್ಟಿ, ನೆರಳಲ್ಲಿ ಒಣಗಲು ಇಡುತ್ತೇನೆ.